100 ಗಜದಲ್ಲಿ ಚದುರುತ್ತಿದ್ದ .44 ಮ್ಯಾಗ್ನಮ್ ಸರಿಹೋದದ್ದು ಹೀಗೆ

ನನ್ನ ರಿವಾಲ್ವರ್‌ಗೆ ಸೀಸದ ಬುಲೆಟ್ ಹಾಕಿ ನಾನೇ ತುಂಬುವ .44 ಮ್ಯಾಗ್ನಮ್ ತೋಟಾಗಳು 25 ಗಜದಲ್ಲಿ ಚೆನ್ನಾಗೇ ಬೀಳುತ್ತಿದ್ದವು, 100 ಗಜಕ್ಕೆ ಹೋದರೆ ಆರು ಗುಂಡು ಆರು ದಿಕ್ಕಿಗೆ. ಬ್ಯಾರೆಲ್ ಶುರುವಾಗುವ ಕಡೆ ಸೀಸ ಬೇರೆ ಮೆತ್ತಿಕೊಳ್ಳುತ್ತಿತ್ತು. ಪೌಡರ್ ಬದಲಿಸಿದೆ, ಪ್ರೈಮರ್ (ಪೌಡರ್‌ಗೆ ಕಿಡಿ ಹೊತ್ತಿಸುವ ಭಾಗ) ಬದಲಿಸಿದೆ, ಕೇಸ್‌ಗಳನ್ನು (ಪೌಡರ್ ತುಂಬುವ ಲೋಹದ ಕೊಳವೆ) ಒಂದೊಂದಾಗಿ ತೂಗಿದೆ. ಸುಮ್ನೆ ಟೈಮ್ ಹೋಯ್ತು.

ಕೊನೆಗೆ ಖಾಲಿ ಸಿಲಿಂಡರ್ ಬಿಚ್ಚಿ, ಬರೀ ಬುಲೆಟ್ ಒಂದನ್ನು ಮುಂದಿನಿಂದ ಥ್ರೋಟ್‌ಗೆ, ಅಂದರೆ ತೋಟಾ ಕೂರುವ ತೂತಿನ (ಚೇಂಬರ್) ಮುಂದಿನ ಕಿರಿದಾದ ಭಾಗಕ್ಕೆ, ಇಟ್ಟೆ. ಒತ್ತುವ ಮೊದಲೇ ಜಾರಿ ಟಕ್ ಅಂತ ಮೇಜಿನ ಮೇಲೆ ಬಿತ್ತು. ಆರರಲ್ಲೂ ಹಾಗೇ. ಮೆತ್ತನೆಯ ಸೀಸದ ತುಂಡನ್ನು ಪ್ರತಿ ಥ್ರೋಟ್‌ನಲ್ಲೂ ತೂರಿಸಿ ಮೈಕ್ರೋಮೀಟರ್‌ನಲ್ಲಿ ಅಳೆದರೆ 0.432 ಇಂಚು. ಅಚ್ಚಿನಿಂದ 0.433 ಬರುತ್ತಿದ್ದ ಬುಲೆಟ್ ಅನ್ನು ನಾನೇ 0.430ಕ್ಕೆ ಇಳಿಸುತ್ತಿದ್ದೆ! ಈ ಅಳತೆಗೆ ಕ್ಯಾಲಿಪರ್ ನಂಬಬೇಡಿ.

0.432 ಸೈಜಿಂಗ್ ಡೈ (ಬುಲೆಟ್ ಅನ್ನು ಒತ್ತಿ ಬೇಕಾದ ಅಳತೆಗೆ ಇಳಿಸುವ ಉಪಕರಣ) ಹಾಕಿದೆ. ಈಗ ಬುಲೆಟ್ ಬೆರಳಿನಿಂದ ಸ್ವಲ್ಪ ಒತ್ತಿದರೆ ಮಾತ್ರ ಹೋಗುತ್ತದೆ, ಅಷ್ಟೇ ಬಿಗಿ ಸಾಕು. ಆಮೇಲೆ ಎಲ್ಲ ಕೇಸ್‌ಗಳನ್ನೂ 1.275 ಇಂಚಿಗೆ ಟ್ರಿಮ್ ಮಾಡಿ, ಮೊದಲು ಬುಲೆಟ್ ಕೂರಿಸಿ, ಕ್ರಿಂಪ್ ಅನ್ನು (ಕೇಸ್‌ನ ಬಾಯಿಯನ್ನು ಬುಲೆಟ್ ಸುತ್ತ ಒಳಕ್ಕೆ ಒತ್ತಿ ಬಿಗಿ ಮಾಡುವುದು) ಬೇರೆ ಡೈನಲ್ಲಿ ಬೇರೆಯಾಗೇ ಮಾಡಿದೆ. ಎರಡೂ ಒಟ್ಟಿಗೆ ಮಾಡಿದರೆ ಇನ್ನೂ ಇಳಿಯುತ್ತಿರುವ ಬುಲೆಟ್ ಅನ್ನು ಕೇಸ್‌ನ ಬಾಯಿ ಕೆರೆಯುತ್ತದೆ. ಬುಲೆಟ್ ಅಳತೆ ಬದಲಾಯ್ತಲ್ವಾ, ಪೌಡರ್ ಅನ್ನು ತೋಟಾ ತುಂಬುವ ಮ್ಯಾನುಯಲ್‌ನ ಆರಂಭದ ಪ್ರಮಾಣದಿಂದಲೇ ಮತ್ತೆ ಶುರು ಮಾಡಿ, ತೋಟಾ ಚೇಂಬರ್‌ಗೆ ತಾನಾಗೇ ಇಳಿಯುತ್ತಾ ನೋಡಿ. ಈಗ 100 ಗಜದಲ್ಲಿ ಆರೂ 5 ಇಂಚಿನೊಳಗೆ ಬೀಳುತ್ತವೆ, ಸೀಸ ಮೆತ್ತುವುದೂ ನಿಂತಿದೆ.