ತಲೆಗೆ ಪೆಟ್ಟು ಬಿದ್ದವರ ಇಸಿಜಿ ಓದುವುದು ಹೇಗೆ

ತಲೆಗೆ ಜೋರಾಗಿ ಪೆಟ್ಟು ಬಿದ್ದವರ ಇಸಿಜಿ ಎಷ್ಟೋ ಸಲ ಹೃದಯಾಘಾತದ ಇಸಿಜಿಯಂತೆಯೇ ಕಾಣುತ್ತದೆ. ಅದನ್ನು ನಂಬಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಹೆಪಾರಿನ್ ಕೊಟ್ಟರೆ ಮೆದುಳಿನೊಳಗಿನ ರಕ್ತಸ್ರಾವ ಹೆಚ್ಚಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರಂತೂ ಜೀವಕ್ಕೇ ಕುತ್ತು. ತುರ್ತು ಚಿಕಿತ್ಸಾ ಕೊಠಡಿಯ ಡ್ಯೂಟಿ ಡಾಕ್ಟರು, ನರ್ಸ್‌ಗಳು ಮೊದಲು ನೆನಪಿಡಬೇಕಾದದ್ದು ಇದು: ತಲೆಯ ಸಿ.ಟಿ. ಸ್ಕ್ಯಾನ್ ನೋಡದೆ ಇವುಗಳಲ್ಲಿ ಯಾವುದನ್ನೂ ಕೊಡಬೇಡಿ.

ಹೃದಯದ ನರಗಳ ಮೇಲೆ ಮೆದುಳಿನ ಇನ್ಸುಲಾ, ಹೈಪೊಥಲಮಸ್ ಭಾಗಗಳ ಹಿಡಿತವಿದೆ. ರಕ್ತಸ್ರಾವದಿಂದಲೋ ಬಾವಿನಿಂದಲೋ ಅಲ್ಲಿ ಒತ್ತಡ ಏರಿದಾಗ ನರತುದಿಗಳಿಂದ ನಾರ್‌ಅಡ್ರಿನಲಿನ್ ಹೃದಯದ ಸ್ನಾಯುವಿಗೆ ನುಗ್ಗುತ್ತದೆ. ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ಮಿತಿಮೀರುತ್ತದೆ, ಪ್ರತಿ ಬಡಿತದ ನಂತರ ಅವು ವಿದ್ಯುತ್ ವಿಶ್ರಾಂತಿಗೆ ಮರಳುವುದು ತಡವಾಗುತ್ತದೆ. ರಕ್ತನಾಳ ಕಟ್ಟದಿದ್ದರೂ ಇಸಿಜಿಯಲ್ಲಿ ಎಸ್‌ಟಿ (ಬಡಿತದ ಚೂಪು ಅಲೆಗೂ ಟಿ ಅಲೆಗೂ ನಡುವಿನ ಗೆರೆ) ಏರಬಹುದು ಅಥವಾ ಇಳಿಯಬಹುದು, ಟಿ ಅಲೆ (ವಿಶ್ರಾಂತಿಗೆ ಮರಳುವುದನ್ನು ತೋರಿಸುವ ಅಲೆ) ಅಗಲವಾಗಿ, ಆಳವಾಗಿ ತಲೆಕೆಳಗಾಗಬಹುದು, ಕ್ಯೂಟಿ (ಚೂಪು ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅವಧಿ) ಉದ್ದವಾಗಬಹುದು. ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಕೂಡ ಸ್ವಲ್ಪ ಏರಬಹುದು, ಹಾಗಾಗಿ ಅದೊಂದರಿಂದ ತೀರ್ಮಾನ ಬೇಡ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ. ಸ್ನಾಯು ದುರ್ಬಲವಾದ ಜಾಗ ಒಂದೇ ರಕ್ತನಾಳದ ವ್ಯಾಪ್ತಿಗೆ ಹೊಂದದಿದ್ದರೆ ಮೂಲ ತಲೆಯಲ್ಲಿರುವ ಸಾಧ್ಯತೆ ಹೆಚ್ಚು.

ಹನ್ನೆರಡು ಲೀಡಿನ (ಹನ್ನೆರಡು ಕೋನಗಳಿಂದ ಹೃದಯವನ್ನು ನೋಡುವ) ಇಸಿಜಿಯನ್ನು ರೋಗಿ ಬಂದ ಕೂಡಲೇ ತೆಗೆಯಿರಿ, ಸ್ಥಿತಿ ಬದಲಾದಾಗಲೆಲ್ಲ ಮತ್ತೆ ತೆಗೆಯಿರಿ. ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಇದೆಯೇ ನೋಡಿ, ಆಗ ಒಂದು ಚಿಕ್ಕ ಚೌಕ 40 ಮಿಲಿಸೆಕೆಂಡ್. ನಡುಕವಿದ್ದು ಲೀಡುಗಳನ್ನು ಕೈಕಾಲಿನಿಂದ ಭುಜ, ಸೊಂಟಕ್ಕೆ ಸರಿಸಿದ್ದರೆ ಕಾಗದದ ಮೇಲೆ ಬರೆದಿಡಿ, ಇಲ್ಲದಿದ್ದರೆ ಮುಂದಿನ ಇಸಿಜಿಯ ಜೊತೆ ಹೋಲಿಸುವಾಗ ದಾರಿ ತಪ್ಪುತ್ತೀರಿ.

ಹೆಚ್ಚು ಗಮನ ಬೇಡುವುದು ಕ್ಯೂಟಿ. ಯಂತ್ರ ಮುದ್ರಿಸಿದ ಅಂಕಿಯನ್ನು ನೆಚ್ಚಬೇಡಿ: ವಿಕಾರಗೊಂಡ ಟಿ ಅಲೆಯ ಕೊನೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಲೀಡ್ 2 ಅಥವಾ ವಿ5ರಲ್ಲಿ ಕೈಯಿಂದಲೇ ಅಳೆಯಿರಿ. ಉದಾಹರಣೆಗೆ, ಕ್ಯೂಟಿ 11 ಚಿಕ್ಕ ಚೌಕ, ಅಂದರೆ 440 ಮಿಲಿಸೆಕೆಂಡ್. ಆರ್‌ನಿಂದ (ಚೂಪು ಅಲೆಯ ತುದಿ) ಮುಂದಿನ ಆರ್‌ಗೆ 15 ಚೌಕ, ಅಂದರೆ 0.6 ಸೆಕೆಂಡ್, ಬಡಿತ ನಿಮಿಷಕ್ಕೆ 100 ಎಂದಿಟ್ಟುಕೊಳ್ಳಿ. ಬಡಿತದ ವೇಗಕ್ಕೆ ತಕ್ಕಂತೆ ಕ್ಯೂಟಿಯನ್ನು ತಿದ್ದಲು 440ನ್ನು 0.6ರ ವರ್ಗಮೂಲದಿಂದ ಭಾಗಿಸುವ ಬ್ಯಾಜೆಟ್ (Bazett) ಸೂತ್ರದಲ್ಲಿ ಸುಮಾರು 568 ಬರುತ್ತದೆ. ಬಡಿತ ವೇಗವಾಗಿದ್ದಾಗ ಈ ಸೂತ್ರ ಹೆಚ್ಚು ತೋರಿಸುತ್ತದೆ, ಆದ್ದರಿಂದ ಘನಮೂಲ ಬಳಸುವ ಫ್ರಿಡೆರಿಸಿಯಾ ಲೆಕ್ಕ ಹಿಡಿಯಿರಿ: ಸುಮಾರು 522. ಹಾಗೆ ನೋಡಿದರೂ 500 ದಾಟಿದೆ. ಟೋರ್ಸಾಡ್ ಎಂಬ ಮಾರಕ ಬಡಿತಕ್ಕೆ ಅವಕಾಶ ಇಲ್ಲಿಯೇ.

ಆಗ ರಕ್ತದ ಪೊಟ್ಯಾಷಿಯಂ 4 mEq/Lಗಿಂತ, ಮೆಗ್ನೀಷಿಯಂ 2 mg/dLಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮೆದುಳಿನ ಒತ್ತಡ ಇಳಿಸಲು ಕೊಡುವ ಮ್ಯಾನಿಟಾಲ್ ಮೂತ್ರದ ಜೊತೆ ಇವೆರಡನ್ನೂ ಹೊರಹಾಕುತ್ತದೆ. ವಾಂತಿಗೆ ಒಂಡಾನ್ಸೆಟ್ರಾನ್, ರಂಪಾಟಕ್ಕೆ ಹ್ಯಾಲೊಪೆರಿಡಾಲ್, ಸೋಂಕಿಗೆ ಲಿವೊಫ್ಲಾಕ್ಸಸಿನ್ ಎಂದು ಅಭ್ಯಾಸಬಲದಿಂದ ಬರೆಯುವ ಮದ್ದುಗಳೆಲ್ಲ ಕ್ಯೂಟಿಯನ್ನು ಇನ್ನಷ್ಟು ಎಳೆಯುತ್ತವೆ, ಬದಲಿ ಹುಡುಕಿ. ಟೋರ್ಸಾಡ್ ಶುರುವಾಗಿ ನಾಡಿ ಸಿಗುತ್ತಿದ್ದರೆ ಮೆಗ್ನೀಷಿಯಂ ಸಲ್ಫೇಟ್ 2 ಗ್ರಾಂ ಅನ್ನು 10ರಿಂದ 15 ನಿಮಿಷದಲ್ಲಿ ರಕ್ತನಾಳಕ್ಕೆ ಕೊಡಿ. ನಾಡಿ ಇಲ್ಲದಿದ್ದರೆ ತಡಮಾಡದೆ ಶಾಕ್ ಕೊಟ್ಟು ಸಿಪಿಆರ್ ನಡೆಸಿ. ಫಿಟ್ಸ್‌ಗೆ ಫೆನಿಟಾಯಿನ್ ಏರಿಸುವಾಗ ನಿಮಿಷಕ್ಕೆ 50 ಮಿಲಿಗ್ರಾಂ ಮೀರಬೇಡಿ. ವೇಗವಾಗಿ ಕೊಟ್ಟರೆ ಬಿ.ಪಿ. ಕುಸಿದು ಬಡಿತ ನಿಧಾನವಾಗುತ್ತದೆ.

ಬಡಿತ ನಿಧಾನವಾಗಿ, ಬಿ.ಪಿ. ಏರಿ, ಉಸಿರಾಟ ಲಯ ತಪ್ಪಿದ್ದರೆ ತಲೆಬುರುಡೆಯೊಳಗೆ ಒತ್ತಡ ಮಿತಿಮೀರಿದೆ ಎಂದು ತಿಳಿಯಿರಿ. ಅಟ್ರೋಪಿನ್ ಕೊಟ್ಟು ಮಾನಿಟರ್ ಅಂಕಿ ಸರಿಮಾಡುವುದು ಇಲ್ಲಿ ಚಿಕಿತ್ಸೆಯಲ್ಲ. ಬಿ.ಪಿ. ಇಳಿಸಲೂ ಹೋಗಬೇಡಿ, ಮೆದುಳಿಗೆ ರಕ್ತ ಮುಟ್ಟುತ್ತಿರುವುದೇ ಅದರಿಂದ. ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತಿ, ಕಣ್ಣಿನ ಪಾಪೆ ನೋಡಿ, ಮ್ಯಾನಿಟಾಲ್ ಅಥವಾ ಹೈಪರ್‌ಟಾನಿಕ್ ಸಲೈನ್ ಕೊಡುತ್ತ ನ್ಯೂರೋಸರ್ಜನ್‌ಗೆ ಫೋನ್ ಮಾಡಿ.

ಮೊದಲು ಹೃದಯವೇ ಕೈಕೊಟ್ಟು ರೋಗಿ ಬಿದ್ದಿರಲೂಬಹುದು. ಬೀಳುವ ಮುಂಚೆ ಎದೆನೋವು, ಕಣ್ಣು ಕತ್ತಲೆ ಬಂದಿತ್ತೇ ಎಂದು ಜೊತೆಗೆ ಬಂದವರನ್ನು ಕೇಳಿ, ಬೈಕ್ ಅಪಘಾತವಾದರೆ ಎದೆಯ ಮೇಲಿನ ಗಾಯವನ್ನೂ ಪರೀಕ್ಷಿಸಿ.