ಕುಸಿಯುತ್ತಲೇ ಇದ್ದ ಒಂದು ಜಾಯಿಂಟ್

ಹಳೇ ರೈಲು ಅಂದ್ರೆ ಎಲ್ಲರಿಗೂ ಉಗಿ ಇಂಜಿನ್ನೇ ನೆನಪಾಗುತ್ತದೆ. ಪಾರಂಪರಿಕ ರೈಲ್ವೆಯೊಂದಕ್ಕೆ ಸ್ವಯಂಸೇವಕನಾಗಿ ಸೇರಲು ಹೋದಾಗ ನನ್ನ ಕಣ್ಣೂ ಇಂಜಿನ್ ಮೇಲೇ ಇತ್ತು. ಅಲ್ಲಿ ಆಗಲೇ ಉದ್ದ ಸಾಲು. ಹಳಿ ಗ್ಯಾಂಗಿಗೆ ಮಾತ್ರ ಯಾವಾಗಲೂ ಜನ ಬೇಕು. ಕೈಗೊಂದು ಸಲಿಕೆ ಕೊಟ್ಟರು. ಆರು ವರ್ಷ ಆಯ್ತು, ಇನ್ನೂ ವಾಪಸ್ ಕೊಟ್ಟಿಲ್ಲ.

ಸ್ವಯಂಸೇವಕರು ಸೇರಿಕೊಂಡು ರೈಲ್ವೆ ಉಳಿಸಬಹುದು ಅಂತ ಜಗತ್ತಿಗೆ ಮೊದಲು ತೋರಿಸಿದ್ದು ವೇಲ್ಸ್‌ನ ಟಾಲಿಥ್ಲಿನ್ ರೈಲ್ವೆ, 1951ರಲ್ಲಿ. ಅವರಿಗೂ ದೊಡ್ಡ ತಲೆನೋವಾಗಿದ್ದು ಹಳಿಯೇ. ಹುಲ್ಲಿನಲ್ಲಿ ಮುಚ್ಚಿಹೋಗಿತ್ತು, ಸವೆದಿತ್ತು. ಇಂಜಿನ್ನಿಗೆ ಬಣ್ಣ ಹೊಡೆದರೆ ಫೋಟೋ ತೆಗೆಯಲು ಜನ ಬರುತ್ತಾರೆ. ಜಲ್ಲಿ ತುಂಬಿದರೆ ಯಾರು ಬರ್ತಾರೆ ಹೇಳಿ?

ನಮ್ಮದು ಹಳೇ ಕಾಲದ ಬುಲ್‌ಹೆಡ್ ಹಳಿ, ಅಂದ್ರೆ ಅಡಿಯಲ್ಲಿ ಅಗಲ ಪಾದ ಇಲ್ಲದೆ ಮೇಲೂ ಕೆಳಗೂ ದಪ್ಪ ತಲೆ ಇರುವಂಥದ್ದು. ಒಂದೊಂದೂ 60 ಅಡಿ ಉದ್ದ, ಗಜಕ್ಕೆ 95 ಪೌಂಡ್. ಲೆಕ್ಕ ಹಾಕಿದರೆ ಒಂದು ಹಳಿ ಸುಮಾರು 860 ಕೆ.ಜಿ. ಹಳಿಯ ಅಡಿಗೆ ಅಡ್ಡಲಾಗಿ ಹಾಸಿದ ದಿಮ್ಮಿಯೇ ಸ್ಲೀಪರ್. ಅದರ ಮೇಲೆ ಎರಕದ ಕಬ್ಬಿಣದ ಚೇರ್ ಇರುತ್ತದೆ. ಚೇರಿನಲ್ಲಿ ಹಳಿ ಕೂರುತ್ತದೆ, ಪಕ್ಕದಲ್ಲಿ ಕೀ ಅನ್ನುವ ಮರದ ಬೆಣೆ ಬಡಿದು ಬಿಗಿ ಮಾಡುತ್ತಾರೆ. ಬಿಸಿಲು ಜಾಸ್ತಿಯಾದರೆ ಮರ ಒಣಗಿ ಕುಗ್ಗುತ್ತದೆ, ಕೀ ಜಾರಿ ಬೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಯಾರಾದರೊಬ್ಬರು ಉದ್ದ ಹಿಡಿಯ ಸುತ್ತಿಗೆ ಹಿಡಿದು ಇಡೀ ಲೈನ್ ನಡೆಯಲೇಬೇಕು. ಬಿಗಿ ಇರುವ ಕೀ ಟಣ್ ಅನ್ನುತ್ತದೆ, ಸಡಿಲವಾದದ್ದು ದಬ್ ಅನ್ನುತ್ತದೆ. ಎರಡು ವಾರದಲ್ಲಿ ಕಿವಿಗೆ ರೂಢಿಯಾಗುತ್ತದೆ.

ನಾನು ಹೇಳಬೇಕೆಂದಿದ್ದು ತಿರುವಿನ ಹತ್ತಿರದ ಒಂದು ಜಾಯಿಂಟ್ ಬಗ್ಗೆ.

ಎರಡು ಹಳಿ ಸೇರುವ ಕಡೆ ಎರಡನ್ನೂ ಪಕ್ಕದಿಂದ ಹಿಡಿದಿಡುವ ಉಕ್ಕಿನ ಪಟ್ಟಿ, ಅಂದ್ರೆ ಫಿಶ್‌ಪ್ಲೇಟ್ ಇರುತ್ತದೆ, ನಾಲ್ಕು ಬೋಲ್ಟ್. ನಡುವೆ ಸಣ್ಣ ಸಂದು ಬಿಡಲೇಬೇಕು. ಬಿಸಿ 30 ಡಿಗ್ರಿ ಏರಿದರೆ 60 ಅಡಿ ಹಳಿ ಸುಮಾರು 6 ಮಿ.ಮೀ. ಬೆಳೆಯುತ್ತದೆ. ಸಂದಿಲ್ಲದಿದ್ದರೆ ಹಳಿ ಹಾವಿನ ಥರ ಸೊಟ್ಟಗಾಗುತ್ತದೆ. ಆದರೆ ಪ್ರತಿ ಚಕ್ರವೂ ಬಂದು ಬಡಿಯುವುದು ಅದೇ ಸಂದಿನ ಮೇಲೆ. ಹಳಿ ಕೆಡುವುದು ಸಾಮಾನ್ಯವಾಗಿ ಜಾಯಿಂಟಿನಿಂದಲೇ ಶುರು.

ಈ ಜಾಯಿಂಟ್ ತಗ್ಗಿತ್ತು. ನಮ್ಮ ಮೇಸ್ತ್ರಿ ಹಳಿಯ ಮೇಲೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ ದೂರಕ್ಕೆ ನೋಡಿದರು. ನನಗೂ ನೋಡಲು ಹೇಳಿದರು. ನಿಂತಾಗ ನೇರವಾಗಿ ಕಾಣುತ್ತಿದ್ದ ಹಳಿ, ಮಲಗಿ ನೋಡಿದರೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಜೋತುಬಿದ್ದಿತ್ತು.

ಜಾಕ್ ಕೊಟ್ಟು ಎತ್ತಿದೆವು. ಸ್ಲೀಪರ್ ಅಡಿಗೆ ಜಲ್ಲಿ ತುರುಕಿ ಪ್ಯಾಕಿಂಗ್ ಮಾಡಿದೆವು. ನನಗೆ ಉತ್ಸಾಹ ಜಾಸ್ತಿ. ಸ್ಲೀಪರ್‌ನ ಈ ತುದಿಯಿಂದ ಆ ತುದಿವರೆಗೂ ಗಟ್ಟಿಯಾಗಿ ತುಂಬಿದೆ. ಅದು ತಪ್ಪು. ಪ್ಯಾಕಿಂಗ್ ಬೇಕಿರುವುದು ಹಳಿಯ ಕೆಳಗೆ, ಅದರ ಎರಡೂ ಪಕ್ಕ ಒಂದೊಂದು ಮೊಳ. ನಡುವೆ ಸಡಿಲ ಬಿಡಬೇಕು. ನಡುವೆ ಗಟ್ಟಿಯಾದರೆ ಸ್ಲೀಪರ್ ಏತದ ಹಾಗೆ ಅತ್ತಿತ್ತ ತೂಗುತ್ತದೆ, ಕೊನೆಗೆ ಬೆನ್ನು ಮುರಿದುಕೊಳ್ಳುತ್ತದೆ. ಮಧ್ಯಾಹ್ನವೆಲ್ಲ ನಾನು ತುಂಬಿದ್ದನ್ನು ನಾನೇ ಕೆದರಿ ತೆಗೆದೆ. ಯಾರೂ ಬೈಯಲಿಲ್ಲ. ಸುಮ್ನೆ ಟೀ ಕುಡಿಯುತ್ತಾ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಒಂದು ತಿಂಗಳಿಗೆ ಮತ್ತೆ ತಗ್ಗು. ಈ ಸಲ ಅಳೆದು ಮಾಡಿದೆವು. ಅಳೆಯುವ ಸಾಧನ ತುಂಬಾ ಸರಳ. ಒಂದು ಸಣ್ಣ ಕಂಬಿ, ಅದರ ಮೇಲೆ ಬಿಗಿಯಾಗಿ ಜಾರುವ ಒಂದು ಬಿಲ್ಲೆ. ಕಂಬಿಯನ್ನು ಜಲ್ಲಿಯಲ್ಲಿ ಊರಿ, ಬಿಲ್ಲೆಯನ್ನು ಹಳಿಯ ಅಡಿಗೆ ಮುಟ್ಟಿಸಿ ಇಡಬೇಕು. ರೈಲು ಹಾದಾಗ ಹಳಿ ತಗ್ಗಿ ಬಿಲ್ಲೆಯನ್ನು ಕೆಳಗೆ ತಳ್ಳುತ್ತದೆ. ಹಳಿ ವಾಪಸ್ ಮೇಲೆ ಬಂದರೂ ಬಿಲ್ಲೆ ಅಲ್ಲೇ ನಿಂತಿರುತ್ತದೆ. ನಡುವಿನ ಸಂದು ಅಳೆದರೆ ಆಯ್ತು, ಸ್ಲೀಪರ್ ಅಡಿ ಎಷ್ಟು ಪೊಳ್ಳಿದೆ ಅಂತ ಗೊತ್ತಾಗುತ್ತದೆ. ನಮಗೆ 18 ಮಿ.ಮೀ. ಬಂತು. ಲೆಕ್ಕದ ಡಬ್ಬಿಯಲ್ಲಿ ಸಣ್ಣ ಜಲ್ಲಿ ಅಳೆದು, ಚಪ್ಪಟೆ ಸಲಿಕೆಯಲ್ಲಿ ಸ್ಲೀಪರ್ ಅಡಿಗೆ ಹರಡಿದೆವು. ಅಡುಗೆಗೆ ಉಪ್ಪು ಹಾಕಿದಷ್ಟೇ ಎಚ್ಚರ. ಬಹಳ ಚೆನ್ನಾಗಿ ಕೂತಿತು.

ಆರು ವಾರಕ್ಕೆ ಮತ್ತೆ ತಗ್ಗು!

ಆಗ ಒಬ್ಬರು ಜಲ್ಲಿಯ ಬಣ್ಣ ನೋಡಲು ಹೇಳಿದರು. ಆ ಜಾಯಿಂಟಿನ ಸುತ್ತ ಮಾತ್ರ ಜಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಮುಟ್ಟಿದರೆ ಕೈಗೆ ಒಣ ಕೆಸರು ಅಂಟಿತು. ಅಗೆದು ನೋಡಿದರೆ ಒಂದು ಅಡಿಗೂ ಮೊದಲೇ ಹಸಿ ಜೇಡಿಮಣ್ಣು ಸಿಕ್ಕಿತು, ಗುಂಡಿಗೆ ನೀರು ಜಿನುಗಿತು. ಪಕ್ಕದ ಚರಂಡಿ ಎಷ್ಟೋ ವರ್ಷದಿಂದ ಎಲೆ, ಮಣ್ಣು ತುಂಬಿ ಮುಚ್ಚಿಹೋಗಿತ್ತು. ನೀರಿಗೆ ಹೋಗಲು ದಾರಿ ಇರಲಿಲ್ಲ. ಪ್ರತಿ ಚಕ್ರ ಬಿದ್ದಾಗಲೂ ಸ್ಲೀಪರ್ ಪಿಚಕಾರಿ ಥರ ಕೆಸರನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು, ಜಲ್ಲಿ ಅದೇ ಕೆಸರಿಗೆ ಇಳಿಯುತ್ತಿತ್ತು. ನಾವು ಅಷ್ಟು ದಿನ ಬಾವಿಗೆ ಕಲ್ಲು ಹಾಕುತ್ತಿದ್ದೆವು, ಅಷ್ಟೇ.

ಮುಂದಿನ ಮೂರು ವಾರಾಂತ್ಯ ಹಳಿಯನ್ನು ಮುಟ್ಟಲೇ ಇಲ್ಲ. ಬರೀ ಚರಂಡಿ. ಅಗೆದದ್ದನ್ನು ಹಳಿ ಕಡೆ ಹಾಕಬಾರದು, ಆಚೆ ಕಡೆಗೇ ಎಸೆಯಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಎಲ್ಲ ವಾಪಸ್ ಬರುತ್ತದೆ. ಎರಡನೇ ದಿನ ಹಳೇ ಇಟ್ಟಿಗೆ ಮೋರಿಯ ಬಾಯಿ ಸಿಕ್ಕಿತು. ಅದನ್ನು ಕಟ್ಟಿದವರಿಗೆ ಆ ಜಾಗದ ನೀರಿನ ವಿಷಯ ಚೆನ್ನಾಗಿಯೇ ಗೊತ್ತಿತ್ತು ಅನ್ನಿಸುತ್ತದೆ. ಕಡ್ಡಿ ಹಾಕಿ ಬಿಡಿಸಿದಾಗ ಗೊಳಕ್ ಅಂತ ಸದ್ದು ಬಂತು, ಆಮೇಲೆ ಅರ್ಧ ಗಂಟೆ ಕಪ್ಪು ನೀರು ಹರಿಯಿತು. ಎಂಟು ಜನ ಗುದ್ದಲಿ ಊರಿಕೊಂಡು ಅದನ್ನೇ ನೋಡುತ್ತಾ ನಿಂತಿದ್ದೆವು.

ರೈಲು ಓಡದ ತಿಂಗಳು ಬಂದಾಗ ಅಲ್ಲಿ ಪೂರಾ ಹೊಸದು ಮಾಡಿದೆವು. ಕೆಸರಾದ ಜಲ್ಲಿ ತೆಗೆದು ಹೊಸದು ಹಾಕಿದೆವು. ಕೊಳೆತ ಮರದ ಸ್ಲೀಪರ್ ತೆಗೆದೆವು. ಬದಲಿಗೆ ಕಾಂಕ್ರೀಟ್ ಹಾಕೋಣ ಅಂತ ಅರ್ಧ ಗ್ಯಾಂಗ್, ಮರವೇ ಇರಲಿ ಅಂತ ಇನ್ನರ್ಧ. ಕಾಂಕ್ರೀಟ್ ಕೊಳೆಯುವುದಿಲ್ಲ, ನಿಜ. ಆದರೆ ಒಂದೊಂದೂ ಕಾಲು ಟನ್ ಮೇಲೆ ತೂಗುತ್ತದೆ, ಯಂತ್ರ ಇಲ್ಲದೆ ಕದಲುವುದಿಲ್ಲ. ಮರದ ಸಾಲಿನ ನಡುವೆ ಎರಡೇ ಎರಡು ಕಾಂಕ್ರೀಟ್ ಇಟ್ಟರೆ ಹಳಿ ಒಂದು ಕಡೆ ಗಡುಸು, ಒಂದು ಕಡೆ ಮೆತ್ತಗೆ ಆಗುತ್ತದೆ. ನಾನು ಮರದ ಕಡೆ. ಕೊನೆಗೆ ಮರವೇ ಗೆದ್ದಿತು. ಗೆಲ್ಲಲು ನನ್ನ ವಾದ ಕಾರಣ ಅಂದುಕೊಂಡಿದ್ದೆ. ಯಂತ್ರ ಕೆಟ್ಟು ನಿಂತಿತ್ತಂತೆ.

ಹಳಿ ಸರಿಸುವ ದಿನ ಮಾತ್ರ ಹಾಸ್ಯ ಬಂದ್. ಆ ಭಾಗದಲ್ಲಿ ರೈಲು ಬರುವುದಿಲ್ಲ ಅಂತ ಬರಹದಲ್ಲಿ ಕೈಗೆ ಬರುವವರೆಗೆ ಯಾರೂ ಹಳಿಗೆ ಇಳಿಯುವ ಹಾಗಿಲ್ಲ. ಹಾರೆ ಹಾಕುವಾಗ ಕೂಗುವುದು ಒಬ್ಬರೇ, ಉಳಿದವರದು ಕೈ ಮಾತ್ರ. ಇಬ್ಬರು ಕೂಗಿದರೆ ಯಾರದಾದರೂ ಬೆರಳು ಹೋಗುತ್ತದೆ. ಕೊನೆಗೆ ಫಿಶ್‌ಪ್ಲೇಟ್ ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿದೆವು. ಬೋಲ್ಟನ್ನು ಮೈಮೇಲೆ ಬಿದ್ದು ಬಿಗಿ ಮಾಡಬಾರದು. ಬಿಸಿಲಿಗೆ ಹಳಿ ಜಾರಲು ಆಗಬೇಕಲ್ವಾ?

ಆ ಕಂಬಿ, ಬಿಲ್ಲೆಯನ್ನು ಮೊನ್ನೆ ಮತ್ತೆ ಅಲ್ಲಿ ಊರಿ ನೋಡಿದೆ. ಎರಡು ವರ್ಷದ ಮೇಲೆ 2 ಮಿ.ಮೀ. ಮೋರಿಯಲ್ಲಿ ನೀರು ಹರಿಯುತ್ತಿತ್ತು. ಅಲ್ಲಿಂದ ನೂರು ಗಜ ಆಚೆ, ಸೇತುವೆಯ ಪಕ್ಕದ ಜಾಯಿಂಟಿನ ಜಲ್ಲಿ ಮಾತ್ರ ಬೆಳ್ಳಗಾಗಲು ಶುರುವಾಗಿದೆ. ಬರುವ ಶನಿವಾರ ಅಲ್ಲಿಗೆ ಗುದ್ದಲಿ.