ಬೇಸ್‌ಬಾಲ್ ವಿಡಿಯೊ ಗೇಮ್: ಪಿಚಿಂಗ್‌ಗೆ ಕ್ಯಾಮೆರಾ ಹೊಂದಿಸಿಕೊಳ್ಳುವ ಬಗೆ

ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಗಳನ್ನು ಟಿವಿಯಲ್ಲಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಬೌಲರ್‌ನ ಬೆನ್ನ ಹಿಂದೆ ನೇರವಾಗಿ ನಿಂತ ಕ್ಯಾಮೆರಾ ರೂಢಿಯಾಗಿದೆ. ಚೆಂಡು ಆಫ್ ಸ್ಟಂಪಿನ ಹೊರಗೆ ಹೋಯಿತೇ ಎಂಬುದನ್ನು ನಾವು ಅಲ್ಲಿಂದಲೇ ತೀರ್ಮಾನಿಸುತ್ತೇವೆ. ಬೇಸ್‌ಬಾಲ್ ಪ್ರಸಾರದಲ್ಲಿ ಮಾತ್ರ, ಪಿಚರ್‌ನ (ಚೆಂಡೆಸೆಯುವವನ) ಮೈ ಹೋಮ್ ಪ್ಲೇಟಿಗೆ (ಬ್ಯಾಟರ್‌ನ ಪಕ್ಕ ನೆಲದಲ್ಲಿರುವ ಫಲಕಕ್ಕೆ) ಅಡ್ಡ ಬಾರದಿರಲೆಂದು, ಸೆಂಟರ್ ಫೀಲ್ಡ್ ಕಡೆಯ, ಅಂದರೆ ಪಿಚರ್‌ನ ಬೆನ್ನ ಹಿಂದೆ ದೂರದಲ್ಲಿರುವ ಕ್ಯಾಮೆರಾವನ್ನು ಸಾಮಾನ್ಯವಾಗಿ ತುಸು ಪಕ್ಕಕ್ಕೆ ಸರಿಸಿ ಇಟ್ಟಿರುತ್ತಾರೆ. ‘ಎಂಎಲ್‌ಬಿ ದಿ ಶೋ’ ವಿಡಿಯೊ ಗೇಮ್‌ನ ‘ಬ್ರಾಡ್‌ಕಾಸ್ಟ್’ ನೋಟ ಟಿವಿಯ ಈ ಕೋನವನ್ನೇ ಅನುಕರಿಸುತ್ತದೆ.

ಹೋಮ್ ಪ್ಲೇಟಿನ ಅಗಲ ಕೇವಲ 17 ಇಂಚು, ಅಂದರೆ ಸುಮಾರು 43 ಸೆಂಟಿಮೀಟರ್. ಪಿಚರ್ ನಿಲ್ಲುವ ಪಟ್ಟಿಯಿಂದ ಅದಕ್ಕಿರುವ ದೂರ 18.44 ಮೀಟರ್, ನಮ್ಮ ಕ್ರಿಕೆಟ್ ಪಿಚ್‌ಗಿಂತ ಸುಮಾರು 1.7 ಮೀಟರ್ ಕಡಿಮೆ. ಓರೆಯಿಂದ ನೋಡಿದಾಗ ಪ್ಲೇಟನ್ನು ದಾಟಿದ ಜಾಗವೂ ಕ್ಯಾಚರ್‌ನ (ವಿಕೆಟ್‌ಕೀಪರ್‌ನಂತೆ ಪ್ಲೇಟಿನ ಹಿಂದೆ ಕೂರುವವನ) ಗ್ಲೌಸಿಗೆ ಬಿದ್ದ ಜಾಗವೂ ಬೇರೆಯಾಗಿ ಕಾಣುವುದರಿಂದ, ಅಂಚಿನ ಎಸೆತಗಳಲ್ಲಿ ಅಂದಾಜು ತಪ್ಪುತ್ತದೆ. ಬಸವನಗುಡಿಯ ನಮ್ಮ ಮನೆಯಲ್ಲಿ ನಾನು ತಿಂಗಳುಗಟ್ಟಲೆ ಈ ನೋಟದಲ್ಲೇ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಎಸೆದು, ‘ಬಾಲ್’, ಅಂದರೆ ಪ್ಲೇಟಿನ ಮೇಲಿನ ಗುರಿವಲಯವಾದ ‘ಸ್ಟ್ರೈಕ್ ಝೋನ್’ನ ಹೊರಗೆ ಹೋದ ಎಸೆತ ಎಂದು ತೀರ್ಪು ಬಂದಾಗಲೆಲ್ಲ ಆಟದ ಅಂಪೈರನ್ನು ಬೈದಿದ್ದೇನೆ.

ಆದ್ದರಿಂದ ಮೊದಲು ಅಭ್ಯಾಸದ ಮೋಡ್‌ಗೆ ಹೋಗಿ, ‘ಬ್ರಾಡ್‌ಕಾಸ್ಟ್’ ನೋಟದಲ್ಲೇ ಬಲಗೈ ಬ್ಯಾಟರ್‌ನ ಹೊರ ಅಂಚಿಗೆ ಗುರಿಯಿಟ್ಟು ಹತ್ತು ಫಾಸ್ಟ್‌ಬಾಲ್ ಎಸೆಯಿರಿ. ಪ್ರತಿ ಎಸೆತಕ್ಕೂ, ಆಟ ತೋರಿಸುವ ಗುರುತನ್ನು ನೋಡುವ ಮುನ್ನವೇ, ಅದು ಸ್ಟ್ರೈಕೋ (ವಲಯದೊಳಗಿನ ಎಸೆತವೋ) ಬಾಲೋ ಎಂದು ಬಾಯಿಬಿಟ್ಟು ಹೇಳಿ. ಬಳಿಕ ಪಿಚರ್‌ನ ನೇರ ಹಿಂಬದಿಯ ನೋಟದಲ್ಲಿ ಹತ್ತು, ಕ್ಯಾಚರ್‌ನ ಕಡೆಯಿಂದ ಕಾಣುವ ನೋಟದಲ್ಲಿ ಹತ್ತು ಎಸೆದು, ನಿಮ್ಮ ಮಾತು ಎಲ್ಲಿ ಹೆಚ್ಚು ನಿಜವಾಯಿತೆಂದು ಲೆಕ್ಕ ಹಾಕಿ. ನನಗೆ ಕ್ಯಾಚರ್ ಕಡೆಯ ನೋಟವೇ ಹೊಂದಿತು: ಅಲ್ಲಿ ಸ್ಟ್ರೈಕ್ ಝೋನ್ ದೊಡ್ಡದಾಗಿ ಕಾಣುತ್ತದೆ, ಮೊಣಕಾಲಿನ ಮಟ್ಟದಲ್ಲಿ ಕುಸಿಯುವ ಕರ್ವ್‌ಬಾಲ್ ಎಲ್ಲಿಂದ ಇಳಿಯತೊಡಗಿತು ಎಂಬುದೂ ತಿಳಿಯುತ್ತದೆ. ಆದರೆ ಎಡಬಲಗಳು ಅದಲುಬದಲಾಗುವುದರಿಂದ ಮೊದಲ ಎರಡು ದಿನ ಕೈ ತಡವರಿಸುವುದು ಸಹಜ.

ಎತ್ತರವನ್ನು ಬದಲಿಸುವ ಅವಕಾಶ ನಿಮ್ಮ ಆಟದಲ್ಲಿದ್ದರೆ ಅತಿಗೆ ಹೋಗಬೇಡಿ. ಕ್ಯಾಮೆರಾ ಮೇಲೇರಿದಷ್ಟೂ ಪ್ಲೇಟಿನ ಅಗಲ ಸ್ಪಷ್ಟವಾಗುತ್ತದೆಯಾದರೂ, ಎಸೆತ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂಬ ವ್ಯತ್ಯಾಸ ಮಸುಕಾಗುತ್ತದೆ. ಪಿಚರ್‌ನ ಹಿಂದೆ ತೀರಾ ಕೆಳಗಿಳಿಸಿದರೆ ಅವನ ಬೆನ್ನೇ ಪ್ಲೇಟನ್ನು ನುಂಗುತ್ತದೆ. ಬ್ಯಾಟಿಂಗ್‌ನ ನೋಟ ಮೆನುವಿನಲ್ಲಿ ಪ್ರತ್ಯೇಕವಾಗಿರುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ.

ಗುರಿ ಸರಿಯಿದ್ದೂ ‘ಮೀಟರ್’ ವಿಧಾನದಲ್ಲಿ (ಪರದೆಯಲ್ಲಿ ಚಲಿಸುವ ಗುರುತನ್ನು ನೋಡಿ ಸಮಯಕ್ಕೆ ಸರಿಯಾಗಿ ಒತ್ತಿ ಎಸೆಯುವ ಬಗೆ) ಬಟನ್ ಒತ್ತುವುದು ಪ್ರತಿ ಸಲ ತಡವಾಗುತ್ತಿದ್ದರೆ ದೋಷ ಕ್ಯಾಮೆರಾದ್ದಲ್ಲ; ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುತ್ತಿರಬಹುದು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಆನ್ ಮಾಡಿ, ಅದೇ ಹತ್ತು ಎಸೆತಗಳನ್ನು ಮತ್ತೆ ಎಸೆದು ನೋಡಿ.